ಗಾಳದ ಕೋಲಿನ ಕಾಣದ ಬೆಸುಗೆ

ಕೈಯಲ್ಲಿ ಕಟ್ಟಿದ ಗಾಳದ ಕೋಲನ್ನು ಯಾರಾದರೂ ಮುಂದೆ ಹಿಡಿದರೆ ನೋಡುವವರ ಕಣ್ಣು ಮೊದಲು ಬಣ್ಣದ ನೂಲಿನ ಸುತ್ತುಗಳ ಮೇಲೆ ಬೀಳುತ್ತದೆ, ಆಮೇಲೆ ಹೊಳೆಯುವ ಮರದ ಮೇಲೆ. ಕೋಲು ಕಟ್ಟಿ ಪಳಗಿದವರ ಪರೀಕ್ಷೆಯೇ ಬೇರೆ. ಅವರು ಅದಕ್ಕೊಂದು ರೀಲ್ ಸಿಕ್ಕಿಸಿ, ನಟ್ ಬಿಗಿ ಮಾಡಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರೀಲ್ ಹಿಡಿದು ಎಡಕ್ಕೂ ಬಲಕ್ಕೂ ತಿರುಚುತ್ತಾರೆ. ಕಿವಿಯ ಹತ್ತಿರ ತಂದು ಇನ್ನೊಮ್ಮೆ ತಿರುಚುತ್ತಾರೆ. ಸಣ್ಣಗೆ ಟಿಕ್ ಎಂದರೂ ಸಾಕು, ಆ ಕೋಲಿನ ಚೆಂದದ ಬಗ್ಗೆ ಅವರಿಗೆ ಮುಂದೆ ಆಸಕ್ತಿ ಉಳಿಯುವುದಿಲ್ಲ.

ಅವರು ತಿರುಚಿ ನೋಡುವ ಜಾಗದ ಹೆಸರು ರೀಲ್ ಸೀಟ್. ನೂಲು ಸುತ್ತಿಕೊಳ್ಳುವ ರೀಲಿಗೆ ಅಡಿಯಲ್ಲಿ ಚಪ್ಪಟೆಯಾದ ಲೋಹದ ಪಾದವಿರುತ್ತದೆ. ಆ ಪಾದವನ್ನು ಎರಡೂ ತುದಿಗಳಲ್ಲಿ ಕಚ್ಚಿ ಹಿಡಿಯುವ ಕೊಳವೆಯೇ ರೀಲ್ ಸೀಟ್. ಒಂದು ತುದಿಯಲ್ಲಿ ಪಾದವನ್ನು ಮುಚ್ಚಿ ಹಿಡಿಯುವ ಅಲುಗದ ಟೋಪಿ, ಅಂದರೆ ಹುಡ್, ಇನ್ನೊಂದು ತುದಿಯಲ್ಲಿ ಸರಿಯುವ ಹುಡ್, ಅದನ್ನು ತಳ್ಳಿ ಬಿಗಿಯುವ ನಟ್. ಇಷ್ಟೇ ಅದರ ಯಂತ್ರ. ಆದರೆ ಇಡೀ ಕೋಲಿನಲ್ಲಿ ಮನುಷ್ಯನ ಕೈ, ರೀಲ್, ಬಾಗುವ ಕೋಲು ಮೂರೂ ಸೇರುವ ಸ್ಥಳ ಇದೊಂದೇ. ಮೀನು ಎಳೆದ ಎಳೆತವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿ.

ಅಂಗಡಿಯಲ್ಲಿ ಸಿಗುವ ಕೋಲು ಎಲ್ಲರ ಕೈಗೂ ಒಂದೇ ಅಳತೆಯದು. ಹೇಳಿ ಮಾಡಿಸಿದ ಕೋಲು ಹಾಗಲ್ಲ. ಕಾರ್ಬನ್ ನಾರಿನ ಬರಿಯ ಕೋಲನ್ನು, ಅಂದರೆ ಬ್ಲ್ಯಾಂಕನ್ನು, ಒಂದು ಕಡೆ ಕೊಂಡು, ಕಾರ್ಕಿನ ಹಿಡಿ, ನೂಲು ಹಾಯುವ ಬಳೆಗಳು, ರೀಲ್ ಸೀಟ್ ಇವನ್ನೆಲ್ಲ ಬೇರೆ ಬೇರೆ ಆರಿಸಿ, ಒಬ್ಬನ ತೋಳಿನ ಉದ್ದಕ್ಕೆ, ಒಂದು ಬಗೆಯ ಮೀನುಗಾರಿಕೆಗೆ ತಕ್ಕಂತೆ ಕಟ್ಟುವುದು. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಸಾವಿರಾರು ಮನೆಗಳ ಗ್ಯಾರೇಜುಗಳಲ್ಲಿ ಚಳಿಗಾಲದ ಸಂಜೆಗಳು ಇದರಲ್ಲೇ ಕಳೆಯುತ್ತವೆ. ಜಪಾನು, ಬ್ರಿಟನ್ನು, ಆಸ್ಟ್ರೇಲಿಯಗಳಲ್ಲೂ ಇದನ್ನೇ ಕಸುಬಾಗಿಸಿಕೊಂಡವರಿದ್ದಾರೆ. ಸೀಟುಗಳ ತಯಾರಿಕೆಯಲ್ಲಿ ಜಪಾನಿನ ಫ್ಯೂಜಿ ಕಂಪನಿಯ ಹೆಸರು ಎಲ್ಲ ಕಡೆಯೂ ಓಡುತ್ತದೆ. ಕಾರ್ಖಾನೆಯ ಕೋಲುಗಳಲ್ಲೂ ಅದರ ಸೀಟುಗಳೇ ಕಾಣಸಿಗುತ್ತವೆ.

ಸೀಟಿನ ಬಗೆಗಳನ್ನು ಬೇಗ ಹೇಳಿ ಮುಗಿಸಬಹುದು. ರೀಲ್ ಕೋಲಿನ ಕೆಳಗೆ ನೇತಾಡುವ ಸ್ಪಿನ್ನಿಂಗ್ ಕೋಲಿಗೆ ಸರಳವಾದ ಕೊಳವೆ ಸಾಕು. ರೀಲ್ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ಕೋಲಿನ ಸೀಟಿಗೆ ಅಡಿಯಲ್ಲಿ ಬೆರಳು ಸಿಕ್ಕಿಸಲು ಬಂದೂಕಿನ ಕುದುರೆಯಂಥ ಚಾಚು ಇರುತ್ತದೆ. ಫ್ಲೈ ಕೋಲಿನಲ್ಲಿ ಸೀಟು ಹಿಡಿಯ ಹಿಂದೆ, ಕೋಲಿನ ಬುಡದಲ್ಲೇ ಇರುತ್ತದೆ. ಅದರಲ್ಲಿ ನಟ್ ಮೇಲ್ಮುಖವಾಗಿ ಬಿಗಿಯುವುದು ಒಂದು ಬಗೆ, ಕೆಳಮುಖವಾಗಿ ಬಿಗಿಯುವುದು ಇನ್ನೊಂದು. ಮೇಲ್ಮುಖದ್ದರಲ್ಲಿ ಅಲುಗದ ಹುಡ್ ಕಾರ್ಕಿನೊಳಗೆ ಹುದುಗಿ ಕೂರುತ್ತದೆ, ಬುಡದಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ. ಹಾಗಾಗಿ ದೊಡ್ಡ ಮೀನಿನ ಜೊತೆ ಸೆಣಸುವಾಗ ಬುಡವನ್ನು ಹೊಟ್ಟೆಗೆ ಆನಿಸಿದರೂ ರೀಲ್ ಬಟ್ಟೆಗೆ ತಾಗುವುದಿಲ್ಲ. ತೀರ ಹಗುರವಾದ ಬಿದಿರಿನ ಕೋಲುಗಳಿಗೆ ನಟ್ಟೂ ಇಲ್ಲ, ಥ್ರೆಡ್ಡೂ ಇಲ್ಲ. ಬುಡದಲ್ಲೊಂದು ಲೋಹದ ಟೋಪಿ, ಮೇಲೊಂದು ಸರಿಯುವ ಉಂಗುರ, ನಡುವೆ ಬರೀ ಮರ. ಅಮೆರಿಕದ ಟೆನೆಸಿ ಮಾದರಿಯ ಹಿಡಿಗೆ ಸೀಟೇ ಇಲ್ಲ. ಉದ್ದನೆಯ ಕಾರ್ಕಿನ ಮೇಲೆ ರೀಲಿನ ಪಾದವನ್ನಿಟ್ಟು ವಿದ್ಯುತ್ ತಂತಿಗೆ ಸುತ್ತುವ ಟೇಪಿನಿಂದ ಬಿಗಿಯುತ್ತಾರೆ. ನೋಡಲು ಒರಟು. ಆದರೆ ಹಗುರ, ರೀಲನ್ನು ಬೇಕಾದ ಕಡೆ ಇಟ್ಟುಕೊಳ್ಳುವ ಸ್ವಾತಂತ್ರ್ಯವೂ ಇದೆ. ಅದನ್ನು ಬಿಟ್ಟುಕೊಡದ ಹಳಬರು ಇವತ್ತಿಗೂ ಇದ್ದಾರೆ.

ಇನ್ನು ಮುಖ್ಯ ವಿಷಯ. ಸೀಟಿನ ಒಳಗಿನ ತೂತು ನೆಟ್ಟಗಿನ ಕೊಳವೆ, ಉದ್ದಕ್ಕೂ ಒಂದೇ ಅಗಲ. ಬ್ಲ್ಯಾಂಕ್ ಹಾಗಿಲ್ಲ. ಬುಡದಿಂದ ತುದಿಯವರೆಗೆ ಸಣ್ಣಗಾಗುತ್ತ ಹೋಗುತ್ತದೆ. ಸೀಟಿನ ಮೇಲೆ 16, 17, 18 ಎಂಬಂಥ ಅಳತೆಯ ಸಂಖ್ಯೆಗಳಿರುತ್ತವೆ. ಸೀಟು ಕೂರುವ ಜಾಗದಲ್ಲಿ ಬ್ಲ್ಯಾಂಕಿನ ದಪ್ಪ ಹನ್ನೊಂದೋ ಹನ್ನೆರಡೋ ಮಿಲಿಮೀಟರ್ ಇದ್ದೀತು. ಅಂದರೆ ಸುತ್ತಲೂ ಎರಡು ಮಿಲಿಮೀಟರಿನಷ್ಟು ಖಾಲಿ ಜಾಗ, ಅದೂ ಒಂದು ತುದಿಯಲ್ಲಿ ಕಡಿಮೆ, ಇನ್ನೊಂದು ತುದಿಯಲ್ಲಿ ಹೆಚ್ಚು. ಗುದ್ದಲಿಯ ಕಣ್ಣಿಗೆ ಕಾವು ಸಡಿಲವಾದರೆ ರೈತ ಬೆಣೆ ಬಡಿಯುವಂತೆ ಇಲ್ಲಿಯೂ ನಡುವೆ ಏನಾದರೂ ತುಂಬಲೇಬೇಕು. ಆ ತುಂಬುವ ವಸ್ತುವಿಗೆ ಆರ್ಬರ್ ಎನ್ನುತ್ತಾರೆ. ಕೋಲು ಗಟ್ಟಿಯೋ ಟೊಳ್ಳೋ ಎಂಬುದು ತೀರ್ಮಾನವಾಗುವುದು ಇಲ್ಲಿ. ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಭಾಗವೂ ಇದೇ.

ಅತಿ ಹಳೆಯ, ಅತಿ ಅಗ್ಗದ ವಿಧಾನ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್. ಬ್ಲ್ಯಾಂಕಿನ ಮೇಲೆ ಎರಡು ಮೂರು ಕಡೆ ಪಟ್ಟಿಯಂತೆ ಸುತ್ತುತ್ತ ಬಂದು, ಸೀಟು ಬಿಗಿಯಾಗಿ ಜಾರುವಷ್ಟು ದಪ್ಪವಾದಾಗ ನಿಲ್ಲಿಸುತ್ತಾರೆ. ಪಟ್ಟಿಗಳ ನಡುವೆ ಅರ್ಧ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಜಾಗ ಬಿಡಬೇಕು. ಸೀಟಿನ ಎರಡೂ ತುದಿಗಳಲ್ಲಿ ಟೇಪ್ ಅಂಚಿನವರೆಗೆ ಬರಕೂಡದು. ಈ ಖಾಲಿ ಜಾಗಗಳಲ್ಲೇ ಅಂಟು ಬ್ಲ್ಯಾಂಕನ್ನೂ ಸೀಟನ್ನೂ ನೇರವಾಗಿ ಮುಟ್ಟುವುದು. ತುದಿಗಳಲ್ಲಿ ನಿಂತ ಅಂಟು ನೀರು ಒಳಗೆ ಇಳಿಯದಂತೆ ಮುಚ್ಚಳವೂ ಆಗುತ್ತದೆ. ಇದು ಗೊತ್ತಿಲ್ಲದೆ ಉದ್ದಕ್ಕೂ ಒಂದೇ ಸಮ ಟೇಪ್ ಸುತ್ತಿ ಮೇಲೆ ಅಂಟು ಬಳಿದರೆ ಸೀಟು ಅಂಟುವುದು ಕಾಗದಕ್ಕೆ. ಕಾಗದದ ಪದರಗಳ ನಡುವೆ ಇರುವುದು ಟೇಪಿನ ಮೆತ್ತನೆಯ ಗೋಂದು ಮಾತ್ರ. ಅದಕ್ಕೆ ತಿರುಚುವ ಬಲವನ್ನು ತಡೆಯುವ ಶಕ್ತಿಯಿಲ್ಲ. ಒಂದು ಮಳೆಗಾಲದಲ್ಲಿ ನೀರು ಕುಡಿದರೆ ಕಾಗದ ಮೆತ್ತಗಾಗಿ ಸೀಟು ಒಳಗೊಳಗೇ ತಿರುಗಲು ಶುರುವಾಗುತ್ತದೆ.

ಈ ಕಾರಣಕ್ಕೇ ಮಾಸ್ಕಿಂಗ್ ಟೇಪನ್ನು ಹತ್ತಿರ ಸೇರಿಸದವರೂ ಇದ್ದಾರೆ. ಅವರು ಬಳಸುವುದು ಗಟ್ಟಿಯಾದ, ಹಗುರವಾದ ಪಾಲಿಯುರೆಥೇನ್ ನೊರೆಯ ಆರ್ಬರ್. ಸೀಟಿನ ಒಳಗೆ ಸರಿಯಾಗಿ ಕೂರುವ ದಪ್ಪದ ಉರುಳೆ, ನಡುವೆ ತೂತು. ಆ ತೂತನ್ನು ದುಂಡನೆಯ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಬ್ಲ್ಯಾಂಕಿನ ಇಳಿಜಾರಿಗೆ ಹೊಂದಿಸಬೇಕು. ಒಂದು ತುದಿ ಹೆಚ್ಚು, ಒಂದು ತುದಿ ಕಡಿಮೆ. ಇನ್ನು ಕೆಲವರು ಗೋಡೆಯ ಹಲಗೆಗಳ ಸಂದಿಗೆ ಅಂಟಿಸುವ ಗಾಜಿನಾರಿನ ಬಲೆಯ ಟೇಪ್ ಸುತ್ತುತ್ತಾರೆ. ಬಲೆಯ ಕಣ್ಣುಗಳಲ್ಲಿ ಅಂಟು ಪೂರ್ತಿ ಇಳಿದು, ಒಣಗಿದ ಮೇಲೆ ಇಡೀ ಸುತ್ತು ಒಂದೇ ಗಟ್ಟಿ ತುಂಡಾಗುತ್ತದೆ. ನನ್ನನ್ನು ಕೇಳಿದರೆ, ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದಾಗ ಮಾತ್ರ ಮಾಸ್ಕಿಂಗ್ ಟೇಪ್, ಅದೂ ಪ್ರತಿ ಸುತ್ತಿಗೆ ಅಂಟು ಸವರುತ್ತ. ಅದಕ್ಕಿಂತ ದಪ್ಪ ಬೇಕಾದರೆ ನೊರೆಯ ಆರ್ಬರೇ ಸರಿ. ಅರ ಹಿಡಿದು ಅರ್ಧ ಗಂಟೆ ಉಜ್ಜುವ ತಾಳ್ಮೆ ಇಲ್ಲದವರಿಗೆ ಈ ಕೆಲಸ ಒಗ್ಗುವುದು ಕಷ್ಟ.

ಒಂದು ಲೆಕ್ಕ ಹಾಕಿ ನೋಡೋಣ. ಸೀಟಿನ ಒಳವ್ಯಾಸ 16 ಮಿಲಿಮೀಟರ್, ಉದ್ದ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಳಮೈಯ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಒಳ್ಳೆಯ ಎಪಾಕ್ಸಿ ಅಂಟಿನ ಜಾರುಬಲವನ್ನು ಚದರ ಸೆಂಟಿಮೀಟರಿಗೆ 100 ಕಿಲೋ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ಒಟ್ಟು 5,000 ಕಿಲೋ ಆಯಿತು. ನದಿಯಲ್ಲಿ ದೊಡ್ಡ ಮೀನು ಹಿಡಿಯುವವನೂ ನೂಲಿನ ಮೇಲೆ ಹತ್ತು ಕಿಲೋಗಿಂತ ಹೆಚ್ಚು ಎಳೆತ ಹಾಕುವುದು ಅಪರೂಪ. ಹಾಗಿದ್ದರೂ ಸೀಟುಗಳು ಸಡಿಲವಾಗುತ್ತವೆ. ಅಂದಮೇಲೆ ಸೋಲುತ್ತಿರುವುದು ಅಂಟಿನ ಬಲವಲ್ಲ. ಅಂಟು ಮುಟ್ಟದೆ ಉಳಿದ ಜಾಗ, ಒಳಗೆ ಸಿಕ್ಕಿಕೊಂಡ ಗಾಳಿ, ಉಜ್ಜದೆ ಬಿಟ್ಟ ನುಣುಪು, ಕೈಬೆರಳಿನ ಜಿಡ್ಡು, ಇವು ಸೋಲಿಸುತ್ತವೆ. ಇನ್ನೂ ಒಂದು ಕಾರಣ ಇದೆ. ಸೀಟು ಬಾಗುವುದಿಲ್ಲ, ಅದರೊಳಗಿನ ಬ್ಲ್ಯಾಂಕ್ ಬಾಗುತ್ತದೆ. ಪ್ರತಿ ಬೀಸಿಗೂ ಸೀಟಿನ ಅಂಚಿನಲ್ಲಿ ಅಂಟನ್ನು ಎಬ್ಬಿಸುವಂಥ ಎಳೆತ ಬೀಳುತ್ತದೆ. ಸಾವಿರಾರು ಬೀಸುಗಳ ನಂತರ ಗಾಜಿನಂತೆ ಪೆಡಸಾದ ಅಂಟು ಅಂಚಿನಿಂದ ಬಿರಿಯುತ್ತ ಒಳಗೆ ಹೋಗುತ್ತದೆ. ಟಿಕ್ ಎಂಬ ಸದ್ದು ಹುಟ್ಟುವುದು ಆ ಬಿರುಕಿನಲ್ಲಿ.

ಆದ್ದರಿಂದಲೇ ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿಯನ್ನು ಅನುಭವಿಗಳು ಇಲ್ಲಿ ಬಳಸುವುದಿಲ್ಲ. ಅದು ಹೆಚ್ಚು ಪೆಡಸು, ನೀರನ್ನು ತಡೆಯುವ ಗುಣ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಸೀಟನ್ನು ನೇರ ಮಾಡಲು ಬೇಕಾದ ಸಮಯವನ್ನೇ ಅದು ಕೊಡುವುದಿಲ್ಲ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ತೆಗೆದುಕೊಳ್ಳುವ, ಮುದ್ದೆಯಂತೆ ದಪ್ಪಗಿರುವ, ಒಣಗಿದ ಮೇಲೂ ಒಂದಿಷ್ಟು ಮಣಿಯುವ ಅಂಟು ಬೇಕು. ದಪ್ಪಗಿದ್ದರೆ ಕೋಲನ್ನು ನಿಲ್ಲಿಸಿದಾಗ ಹರಿದು ಕೆಳಗೆ ಸೇರುವುದಿಲ್ಲ, ಸಂದಿನಲ್ಲೇ ನಿಲ್ಲುತ್ತದೆ.

ಎಪಾಕ್ಸಿ ಬರುವ ಮೊದಲು ಈ ಕೆಲಸ ಹೇಗೆ ನಡೆಯುತ್ತಿತ್ತು? ಬಿದಿರಿನ ಕೋಲುಗಳ ಕಾಲದಲ್ಲಿ ಪ್ರಾಣಿಗಳ ತೊಗಲು, ಮೂಳೆ ಕುದಿಸಿ ತೆಗೆದ ಅಂಟು, ಇಲ್ಲವೇ ಅರಗು ಬೆರೆತ, ಕಾಯಿಸಿದರೆ ಕರಗುವ ಅಂಟು. ಅದರ ಮೇಲೆ ನಂಬಿಕೆ ಸಾಲದೆ ಲೋಹದ ಸೀಟಿನಿಂದ ಒಳಗಿನ ಬಿದಿರಿನವರೆಗೆ ಸಣ್ಣ ಮೊಳೆಯೊಂದನ್ನು ಹಾಯಿಸಿ, ತಲೆಯನ್ನು ಅರದಿಂದ ಸಮ ಮಾಡುತ್ತಿದ್ದರು. ಹಳೆಯ ಕೋಲಿನ ಸೀಟನ್ನು ಬೆಳಕಿಗೆ ಹಿಡಿದರೆ ಆ ಚುಕ್ಕೆ ಇವತ್ತಿಗೂ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಪಿಯರ್ ಕಾಸ್ತಾಂ 1930ರ ದಶಕದಲ್ಲಿ ಎಪಾಕ್ಸಿ ರಾಳದ ಮೇಲೆ ಕೆಲಸ ಮಾಡಿದರು. ಅಲ್ಲಿಯದೇ ಸೀಬಾ ಕಂಪನಿ 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬಿನಲ್ಲಿ ಸಿಗುವ ಅಂಟು ಅದೇ. ಮೊಳೆಯ ಕಾಲ ಅಲ್ಲಿಗೆ ಮುಗಿಯಿತು.

ಅಂಟಿಸುವ ದಿನದ ಕೆಲಸ ನಿಧಾನದ್ದು. ಮೊದಲು ಒಣ ಜೋಡಣೆ. ಅಂಟಿಲ್ಲದೆ ಎಲ್ಲವನ್ನೂ ಅವವುಗಳ ಜಾಗಕ್ಕೆ ಕೂರಿಸಿ, ಎಲ್ಲಿ ಏನು ನಿಲ್ಲಬೇಕೆಂದು ಟೇಪಿನ ತುಣುಕುಗಳಿಂದ ಗುರುತು ಹಾಕಬೇಕು. ಬ್ಲ್ಯಾಂಕ್ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಹಾಗಾಗಿ ಸ್ಪಿನ್ನಿಂಗ್ ಕೋಲಿನ ಹಿಂದಿನ ಹಿಡಿ, ಸೀಟು, ಮುಂದಿನ ಹಿಡಿ ಎಲ್ಲವೂ ತುದಿಯ ಕಡೆಯಿಂದ ಸಾಲಾಗಿ ಇಳಿದು ಬರಬೇಕು. ಕ್ರಮ ತಪ್ಪಿ ಒಂದನ್ನು ಮೊದಲು ಅಂಟಿಸಿದರೆ ಇನ್ನೊಂದಕ್ಕೆ ದಾರಿಯಿಲ್ಲ. ಗುರುತಾದ ಮೇಲೆ ಸೀಟು ಕೂರುವ ಜಾಗದ ಹೊಳಪನ್ನು 320ರ ಉಪ್ಪುಕಾಗದದಿಂದ ಮಂಕಾಗಿಸಬೇಕು. ಹೊಳಪು ಹೋಗಬೇಕು, ಕಾರ್ಬನ್ ನಾರು ಕತ್ತರಿಸಬಾರದು. ಸೀಟಿನ ಒಳಮೈಯನ್ನು ಮಾತ್ರ ಒರಟಾದ ಕಾಗದದಿಂದ ಗೀರು ಬೀಳುವಂತೆ ಉಜ್ಜಿದರೂ ಸರಿ. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಜಾಗವನ್ನು ಬರಿಗೈಯಲ್ಲಿ ಮುಟ್ಟದಿರುವುದು. ಕಾರ್ಬನ್ ಪುಡಿ ಮೂಗಿಗೆ ಒಳ್ಳೆಯದಲ್ಲ, ಮುಖಗವಸು ಬೇಕು. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಕೆಲವರಿಗೆ ಜೀವನಪೂರ್ತಿ ಅಲರ್ಜಿ ಬಂದುಬಿಡುತ್ತದೆ, ಕೈಗವಸೂ ಬೇಕು.

ರಾಳ ಮತ್ತು ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಹೆಚ್ಚಿನವಕ್ಕೆ ಸಮ ಸಮ. ಗಟ್ಟಿಕಾರಕ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಒಣಗೀತು ಎಂಬ ಊಹೆ ತಪ್ಪು. ಎರಡೂ ಅಣುಗಳು ಲೆಕ್ಕವಾಗಿ ಕೈಹಿಡಿದಾಗಲೇ ಅಂಟು ಗಟ್ಟಿಯಾಗುವುದು. ಹೆಚ್ಚಾದ ಪಾಲು ಸಂಗಾತಿಯಿಲ್ಲದೆ ಜಿಗುಟಾಗಿಯೇ ಉಳಿಯುತ್ತದೆ. ಹವಾಮಾನವನ್ನೂ ನೋಡಬೇಕು. ಡಿಸೆಂಬರಿನ ಬೆಂಗಳೂರಿನ ಬೆಳಗಿನಲ್ಲಿ ಅಂಟು ಜೇನಿನಂತೆ ದಪ್ಪಗಾಗಿ ಬೆರೆಯಲು ತಡವಾಗುತ್ತದೆ. ಬಟ್ಟಲನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸರಿಹೋಗುತ್ತದೆ. ಕರಾವಳಿಯ ಮಳೆಗಾಲದ ತೊಂದರೆ ಬೇರೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಗಟ್ಟಿಕಾರಕದ ಜೊತೆ ಸೇರಿ ಎಪಾಕ್ಸಿಯ ಮೈಮೇಲೆ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಅದರ ಮೇಲೆ ಇನ್ನೊಂದು ಪದರ ಬಳಿದರೆ ಹಿಡಿಯುವುದಿಲ್ಲ. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಜೂನ್, ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಪೊರೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಮತ್ತೆ ಉಜ್ಜಿ ಮುಂದುವರಿಯಬೇಕು.

ಆರ್ಬರಿನ ಮೇಲೆ, ನಡುವಿನ ಸಂದುಗಳಲ್ಲಿ, ಸೀಟಿನ ಒಳಗೆ ಎಲ್ಲ ಕಡೆ ಅಂಟು ಹಚ್ಚಿ ಸೀಟನ್ನು ತಿರುಗಿಸುತ್ತ ಇಳಿಸಬೇಕು. ಬರೀ ತಳ್ಳಿದರೆ ಅಂಟು ಮುಂದೆ ದೂಡಿಸಿಕೊಂಡು ಹೋಗಿ ಹಿಂದೆ ಖಾಲಿ ಉಳಿಯುತ್ತದೆ. ತಿರುಗಿಸಿದರೆ ಎಲ್ಲ ಕಡೆ ಹರಡುತ್ತದೆ. ಅಂಚಿನಲ್ಲಿ ಸುತ್ತಲೂ ಸಮನಾಗಿ ಅಂಟು ಉಕ್ಕಿ ಬಂದರೆ ಒಳಗೆ ತುಂಬಿದೆ ಎಂದು ಅರ್ಥ. ಉಕ್ಕಿದ್ದನ್ನು ಸ್ಪಿರಿಟ್ ಬಟ್ಟೆಯಿಂದ ತಕ್ಷಣ ಒರೆಸಬೇಕು. ಥ್ರೆಡ್ಡಿಗೆ ಒಂದು ತೊಟ್ಟು ಇಳಿದರೂ ನಟ್ ಶಾಶ್ವತವಾಗಿ ಅಲ್ಲೇ ನಿಲ್ಲುತ್ತದೆ. ಥ್ರೆಡ್ಡಿನ ಮೇಲೆ ಮೊದಲೇ ಟೇಪ್ ಸುತ್ತಿಡುವುದು ಜಾಣತನ. ಮೇಣ ಸವರುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೇಣ ಬೆರಳಿಗೆ ಹತ್ತಿ ಅಂಟಬೇಕಾದ ಜಾಗಕ್ಕೂ ಹೋದರೆ ಅಷ್ಟೂ ಕೆಲಸ ಹಾಳು.

ಅಂಟು ಹಸಿಯಿರುವಾಗಲೇ ನೇರ ನೋಡಬೇಕು. ಸೀಟಿಗೆ ನಿಜವಾದ ರೀಲನ್ನೇ ಬಿಗಿದು, ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬುಡದಿಂದ ತುದಿಯತ್ತ ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬಳೆಗಳನ್ನು ಇನ್ನೂ ಕಟ್ಟಿಲ್ಲವಾದರೆ ತೊಂದರೆ ಕಡಿಮೆ. ಸೀಟು ಎಲ್ಲಿ ನಿಂತಿತೋ ಅದಕ್ಕೆ ಸರಿಯಾಗಿ ಮುಂದೆ ಬಳೆಗಳನ್ನು ಸಾಲು ಹಿಡಿಸಬಹುದು. ಹೆಚ್ಚಿನವರು ಹೀಗೆ ಸೀಟನ್ನೇ ಮೊದಲು ಮಾಡುವುದು ಅದಕ್ಕೇ. ಆದರೆ ಸೀಟನ್ನು ಬ್ಲ್ಯಾಂಕಿನ ಯಾವ ಬದಿಗೆ ಮುಖ ಮಾಡಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅದರ ಮೇಲೆ ಕೋಲು ಕಟ್ಟುವವರ ನಡುವೆ ಹಳೆಯ ಜಗಳವೊಂದಿದೆ.

ಬ್ಲ್ಯಾಂಕ್ ತಯಾರಾಗುವುದು ರಾಳ ಹೀರಿದ ಕಾರ್ಬನ್ ಹಾಳೆಯನ್ನು ಉಕ್ಕಿನ ಸರಳಿನ ಮೇಲೆ ಸುರುಳಿ ಸುತ್ತಿ, ಒಲೆಯಲ್ಲಿ ಬೇಯಿಸಿ, ಸರಳನ್ನು ಹೊರಗೆಳೆದು. ಹಾಳೆಯ ಅಂಚುಗಳು ಒಂದರ ಮೇಲೊಂದು ಬರುವ ಕಡೆ ಕೊಳವೆ ಒಂದಿಷ್ಟು ಬಿರುಸಾಗುತ್ತದೆ. ಅದನ್ನು ಸ್ಪೈನ್ ಎನ್ನುತ್ತಾರೆ, ಅಂದರೆ ಬೆನ್ನುಮೂಳೆ. ಬ್ಲ್ಯಾಂಕಿನ ಬುಡವನ್ನು ನೆಲಕ್ಕೆ ಊರಿ ನಡುವೆ ಬಾಗಿಸಿ ಉರುಳಿಸಿದರೆ ಅದು ಒಂದು ಕಡೆಗೆ ತಾನಾಗಿ ಹೊರಳುತ್ತದೆ. ಸ್ಪೈನನ್ನು ಬಳೆಗಳ ಸಾಲಿಗೆ ಸರಿಹೊಂದಿಸದಿದ್ದರೆ ಮೀನು ಎಳೆದಾಗ ಕೋಲು ಕೈಯಲ್ಲಿ ತಿರುಚಿಕೊಳ್ಳುತ್ತದೆ ಎಂಬುದು ಬಹುಕಾಲದ ನಂಬಿಕೆ. ರೀಲ್ ಮೇಲಿರುವ ಕೋಲು ತಿರುಚಿಕೊಳ್ಳುವುದಕ್ಕೆ ನಿಜವಾದ ಕಾರಣ ಸ್ಪೈನ್ ಅಲ್ಲ. ಬಳೆಗಳು ಮೇಲಿವೆ, ಎಳೆತ ಅವುಗಳನ್ನು ಕೆಳಗೆ ಹೊರಳಿಸಲು ನೋಡುತ್ತದೆ. ಸ್ಪೈನ್ ಎಲ್ಲಿದ್ದರೂ ಈ ಬಲ ಇದ್ದೇ ಇರುತ್ತದೆ. ಬಳೆಗಳನ್ನು ಸೀಟಿನ ಬಳಿ ಮೇಲಿನಿಂದ ಆರಂಭಿಸಿ, ಸುರುಳಿಯಾಗಿ ಬದಿಗೆ ತಂದು, ತುದಿಯಲ್ಲಿ ಕೆಳಗೆ ಬರುವಂತೆ ಕಟ್ಟುವವರು ಈ ಬಲವನ್ನೇ ತಪ್ಪಿಸುತ್ತಾರೆ. ಹಾಗಾಗಿ ನಾನು ಬ್ಲ್ಯಾಂಕ್ ಯಾವ ಬದಿಯಿಂದ ನೇರವಾಗಿ ಕಾಣುತ್ತದೋ ಅದನ್ನು ಮೊದಲು ಆರಿಸುವವರ ಪಕ್ಷ. ಯಾವ ಬ್ಲ್ಯಾಂಕೂ ಪೂರ್ತಿ ನೇರ ಇರುವುದಿಲ್ಲ. ಅದರ ಸಣ್ಣ ಬಾಗು ಮೇಲಕ್ಕೋ ಕೆಳಕ್ಕೋ ಬರುವಂತೆ ಸೀಟನ್ನು ತಿರುಗಿಸಿದರೆ ಬಳೆಗಳ ಸಾಲು ನೇರ ನಿಲ್ಲುತ್ತದೆ.

ಸೀಟು ಕೋಲಿನ ಯಾವ ಎತ್ತರದಲ್ಲಿರಬೇಕು ಎಂಬುದನ್ನು ತೋಳು ಹೇಳುತ್ತದೆ. ಸ್ಪಿನ್ನಿಂಗ್ ಕೋಲಾದರೆ, ರೀಲಿನ ಕಾಲು ಬೆರಳುಗಳ ನಡುವೆ ಬಂದಾಗ ಬುಡ ಮೊಳಕೈಯ ಹತ್ತಿರ ನಿಲ್ಲಬೇಕು. ಉದ್ದವಾದರೆ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಕಡಲ ದಂಡೆಯಿಂದ ಎರಡೂ ಕೈಯಲ್ಲಿ ಬೀಸುವ ಉದ್ದ ಕೋಲಿಗೆ ಬುಡವನ್ನು ಕಂಕುಳಿಗೆ ಕೊಟ್ಟು ಕೈ ಚಾಚಿದಾಗ ಹಿಡಿತ ಎಲ್ಲಿ ಬರುತ್ತದೋ ಅಲ್ಲಿ ಸೀಟು. ಕಾರ್ಖಾನೆಗೆ ತಿಳಿಯದ ಅಳತೆ ಇದು. ಹೇಳಿ ಮಾಡಿಸಿದ ಕೋಲಿಗೆ ಜನ ಹಣ ಕೊಡುವುದು ಮುಖ್ಯವಾಗಿ ಇದಕ್ಕೆ.

ಈಗ ಮರದ ಮಾತು. ಫ್ಲೈ ಕೋಲಿನ ಸೀಟಿನಲ್ಲಿ ಎರಡು ಹುಡ್‌ಗಳ ನಡುವೆ ಕಾಣುವ ಮರದ ಉರುಳೆಯೇ ಕೋಲಿನ ಮುಖ. ಗಂಟುಗಂಟಾದ ಮೇಪಲ್, ವಾಲ್ನಟ್, ನಮ್ಮ ಬೀಟೆ, ಹೀಗೆ ಲೇತಿಗೆ ಕೊಟ್ಟು ಕಡೆಯುವ ಮರಗಳು ಹಲವು. ಬೀಟೆಯೂ ಸೇರಿ ಅದರ ಇಡೀ ಕುಲವೇ 2017ರಿಂದ ಅಂತರರಾಷ್ಟ್ರೀಯ ವಹಿವಾಟಿನ ನಿಯಂತ್ರಣ ಪಟ್ಟಿಯಲ್ಲಿದೆ. ಅದರ ತುಂಡನ್ನು ಗಡಿ ದಾಟಿಸಲು ಕಾಗದಪತ್ರ ಬೇಕಾಗುತ್ತದೆ. ಮೆತ್ತನೆಯ, ಗಂಟುಗಳಿಂದ ಕೂಡಿದ ಮರವನ್ನು ನಿರ್ವಾತದ ಪಾತ್ರೆಯಲ್ಲಿಟ್ಟು ಗಾಳಿ ಹೀರಿ, ಆ ಜಾಗಕ್ಕೆ ಅಕ್ರಿಲಿಕ್ ರಾಳ ತುಂಬಿ, ಬಿಸಿ ಮಾಡಿ ಗಟ್ಟಿ ಮಾಡುವ ಪದ್ಧತಿಯೂ ಇದೆ. ಅಂಥ ಮರ ನೀರಿಗೆ ಊದಿಕೊಳ್ಳುವುದು ತೀರ ಕಡಿಮೆ.

ಉರುಳೆಯ ನಡುವೆ ಬ್ಲ್ಯಾಂಕಿನ ಬುಡ ಕೂರಲು ತೂತು, ಮೇಲೆ ರೀಲಿನ ಪಾದ ಕೂರಲು ಉದ್ದನೆಯ ಕಾಲುವೆ. ಈ ಕಾಲುವೆ ಕಡಿಮೆ ಆಳವಾದರೆ ಹುಡ್ ಪಾದವನ್ನು ನುಂಗುವುದಿಲ್ಲ, ಹೆಚ್ಚಾದರೆ ಪಾದ ಕುಣಿಯುತ್ತದೆ. ರೀಲಿನ ಪಾದಗಳ ಉದ್ದ, ದಪ್ಪ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕೋಲಿನ ಒಡೆಯ ಬಳಸುವ ರೀಲನ್ನೇ ತರಿಸಿಕೊಂಡು ಅಳೆಯುವುದು ಒಳ್ಳೆಯದು. ಆಮೇಲೆ ಉಜ್ಜುವ ಕೆಲಸ. 220, 320, 400, 600, ಒಂದರ ಗೀರನ್ನು ಇನ್ನೊಂದು ಅಳಿಸುತ್ತ. ಎಣ್ಣೆಯ ಮೆರುಗು ಬೇಕಾದವರು ಟಂಗ್ ಎಣ್ಣೆಯನ್ನೋ ಬಂದೂಕಿನ ಮರಕ್ಕೆ ಹಚ್ಚುವ ಎಣ್ಣೆಯನ್ನೋ ಬೆರಳಲ್ಲಿ ಸವರಿ, ಒಣಗಿಸಿ, ಮತ್ತೆ ಸವರುತ್ತಾರೆ. ಗಾಜಿನ ಹೊಳಪು ಬೇಕಾದವರು ವಾರ್ನಿಷ್ ಕೊಳವೆಯಲ್ಲಿ ಮುಳುಗಿಸಿ ತೀರ ನಿಧಾನವಾಗಿ ಮೇಲೆತ್ತುತ್ತಾರೆ. ನಿಧಾನವಾದಷ್ಟೂ ಪದರ ತೆಳು, ಹನಿ ನಿಲ್ಲುವುದಿಲ್ಲ. ನನಗೆ ಎಣ್ಣೆಯೇ ಇಷ್ಟ. ಗೀರು ಬಿದ್ದರೆ ಆ ಜಾಗಕ್ಕಷ್ಟೇ ಮತ್ತೆ ಹಚ್ಚಬಹುದು, ವಾರ್ನಿಷ್ ಆದರೆ ಪೂರ್ತಿ ಕೆರೆಯಬೇಕು.

ಎಷ್ಟೋ ಜನ ಮರೆಯುವುದು ಎರಡು ಜಾಗಗಳನ್ನು. ಒಂದು, ಉರುಳೆಯ ಅಡ್ಡಕೊಯ್ತದ ತುದಿಗಳು ಮತ್ತು ಒಳಗಿನ ತೂತು. ಮರ ನೀರು ಕುಡಿಯುವುದು ಹೆಚ್ಚಾಗಿ ತುದಿಯಿಂದ. ಹೊರಮೈ ಕನ್ನಡಿಯಂತಿದ್ದು ತುದಿ ಬರಿದಾಗಿ ಉಳಿದರೆ ಮಳೆಯಲ್ಲಿ ಊದಿಕೊಂಡು ಹುಡ್ ಕಚ್ಚಿಕೊಳ್ಳುತ್ತದೆ. ಎರಡು, ಸರಿಯುವ ಹುಡ್ ಓಡಾಡುವ ಜಾಗ. ಬರಿಯ ಮರದ ಮೇಲೆ ಸಲೀಸಾಗಿ ಜಾರುತ್ತಿದ್ದ ಹುಡ್ ನಾಲ್ಕೈದು ಪದರ ಬಳಿದ ಮೇಲೆ ಹೋಗುವುದೇ ಇಲ್ಲ, ಇಲ್ಲವೇ ಹೋಗುತ್ತ ಹೊಳಪನ್ನೇ ಕೆರೆದುಕೊಂಡು ಹೋಗುತ್ತದೆ. ಲೇತಿನ ಮೇಲಿರುವಾಗಲೇ ಪದರಗಳ ದಪ್ಪಕ್ಕೆ ಜಾಗ ಬಿಟ್ಟು ಉರುಳೆಯನ್ನು ಕೂದಲೆಳೆಯಷ್ಟು ಸಣ್ಣ ಮಾಡಿರಬೇಕು.

ಲೋಹದ ಭಾಗಕ್ಕೆ ಹಳೆಯ ಶೈಲಿಯವರು ನಿಕಲ್ ಸಿಲ್ವರ್ ಬಳಸುತ್ತಾರೆ. ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ. ಕಾಲ ಕಳೆದಂತೆ ಜೇನುಬಣ್ಣಕ್ಕೆ ತಿರುಗುತ್ತದೆ, ಬಟ್ಟೆಯಿಂದ ಉಜ್ಜಿದರೆ ಮತ್ತೆ ಬೆಳ್ಳಗಾಗುತ್ತದೆ. ಸಮುದ್ರದ ಕೋಲಿಗೆ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ವಾಡಿಕೆ. ಇಲ್ಲೊಂದು ಅಪಾಯವಿದೆ. ಕಾರ್ಬನ್ ನಾರು ವಿದ್ಯುತ್ತನ್ನು ಹಾಯಿಸುತ್ತದೆ. ಉಪ್ಪುನೀರಿನಲ್ಲಿ ಅದು ಅಲ್ಯೂಮಿನಿಯಮ್ಮಿಗೆ ತಾಗಿದರೆ ಬ್ಯಾಟರಿಯ ಎರಡು ಧ್ರುವಗಳಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಸೀಟಿನೊಳಗೆ ಖಾಲಿ ಬಿಡದೆ ತುಂಬಿದ ಎಪಾಕ್ಸಿ ಇವೆರಡನ್ನೂ ದೂರ ಇಡುತ್ತದೆ. ಒಳಗಿನ ಬೆಸುಗೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಗಾಳದ ಕೋಲಿನ ಈ ದೊಡ್ಡ ಚರಿತ್ರೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪೆನ್ಸಿಲ್ವೇನಿಯದ ಸ್ಯಾಮ್ಯುಯೆಲ್ ಫಿಲಿಪ್, ಮೇನ್ ರಾಜ್ಯದ ಹೈರಮ್ ಲೆನರ್ಡ್ ಮುಂತಾದವರು ಸೀಳಿದ ಬಿದಿರ ಪಟ್ಟಿಗಳನ್ನು ಅಂಟಿಸಿ ಕೋಲು ಕಟ್ಟುವಾಗ ಬಳಕೆಯಲ್ಲಿದ್ದುದು ಕಲ್ಕತ್ತೆಯ ಬಂದರಿನಿಂದ ಹೋದ ಭಾರತದ ಬಿದಿರು. ಒಳಗೆ ಟೊಳ್ಳು ಕಡಿಮೆಯಿರುವ ಆ ಜಾತಿಯ ಗಟ್ಟಿ ಬಿದಿರು ನಮ್ಮ ಒಣ ಎಲೆಯುದುರುವ ಕಾಡುಗಳಲ್ಲೂ ಬೆಳೆಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಮಹಸೀರ್ ಮೀನಿಗೆ ಗಾಳ ಹಾಕುವವರು ತಲೆಮಾರುಗಳ ಕಾಲ ಅದನ್ನು ಕೈಪಿಡಿಯಾಗಿ ಇಟ್ಟುಕೊಂಡರು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಸೀರ್, ಅಂದರೆ ಸುಮಾರು 54 ಕಿಲೋ, ಇವತ್ತಿಗೂ ದಾಖಲೆಯೆಂದೇ ಹೆಸರಾಗಿದೆ. ಅಂಥ ಮೀನು ಬಂಡೆಗಳ ನಡುವಿನ ಸುಳಿಗೆ ಮೊದಲ ಓಟ ಕಿತ್ತಾಗ ಆ ರೀಲನ್ನು ಹಿಡಿದು ನಿಲ್ಲಿಸಿದ್ದು ಅಂಗೈಯಷ್ಟುದ್ದದ ಒಂದು ಕೊಳವೆ.

ಕಾವೇರಿಯ ಗೂನುಬೆನ್ನಿನ ಮಹಸೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಯಲ್ಲಿದೆ. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತು ದಶಕ ದಾಟಿತು. ಅನುಮತಿ ಇರುವ ಬೇರೆ ನೀರುಗಳಲ್ಲಿ, ಬೇರೆ ದೇಶಗಳಲ್ಲಿ, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆದಿದೆ. ಅದಕ್ಕೂ ಸೀಟಿಗೂ ಸಂಬಂಧ ಇದೆ. ರೀಲ್ ಅಲುಗುತ್ತಿದ್ದರೆ ಗಾಳ ಹಾಕಿದವನು ಹೆದರಿ ಹೆದರಿ ಎಳೆಯುತ್ತಾನೆ, ಸೆಣಸಾಟ ಲಂಬಿಸುತ್ತದೆ. ಹೆಚ್ಚು ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಬಿಟ್ಟ ಮೇಲೂ ಅದು ಬದುಕುವ ಸಾಧ್ಯತೆ ಕಡಿಮೆಯಾಗುತ್ತದೆ. ಮೀನಿನ ಮೇಲೆ ಕಾಳಜಿ ಇರುವವರು ತಮ್ಮ ಸಲಕರಣೆಯ ಬಿಗಿಯನ್ನು ಮೊದಲು ನೋಡಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಈಗಾಗಲೇ ಟಿಕ್ ಎನ್ನುತ್ತಿರುವ ಕೋಲು ಮನೆಯಲ್ಲಿದ್ದರೆ ಅದನ್ನು ಬಿಸಾಡಬೇಕಿಲ್ಲ. ಸೀಟನ್ನು ಪೂರ್ತಿ ಕೀಳುವುದು ಕೊನೆಯ ದಾರಿ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ ನಿಜ, ಆದರೆ ಬ್ಲ್ಯಾಂಕನ್ನು ಹಿಡಿದಿಟ್ಟಿರುವುದೂ ರಾಳವೇ. ಬೆಂಕಿ ತೋರಿಸಿದರೆ ಎರಡೂ ಹೋಗುತ್ತವೆ. ಅದಕ್ಕೆ ಮೊದಲು ಸುಲಭದ ಚಿಕಿತ್ಸೆ ಮಾಡಿ ನೋಡಬಹುದು. ರೀಲಿನ ಪಾದ ಮುಚ್ಚುವ ಜಾಗದಲ್ಲಿ, ಹೊರಗೆ ಕಾಣದಂತೆ, ಸೀಟಿಗೆ ಎರಡು ಮಿಲಿಮೀಟರಿನ ಎರಡು ತೂತು ಕೊರೆಯಬೇಕು, ಒಂದು ಮೇಲಿನ ತುದಿಗೆ ಹತ್ತಿರ, ಇನ್ನೊಂದು ಕೆಳಗಿನ ತುದಿಗೆ ಹತ್ತಿರ. ಡ್ರಿಲ್ಲಿನ ಮೊನೆಗೆ ಸೀಟಿನ ಗೋಡೆಯ ದಪ್ಪ ಅಳೆದು ಟೇಪ್ ಸುತ್ತಿಕೊಂಡರೆ ಅದು ಬ್ಲ್ಯಾಂಕಿಗೆ ತಾಗುವ ಮೊದಲೇ ನಿಲ್ಲುತ್ತದೆ. ಡ್ರಿಲ್ಲನ್ನು ಕೈಯಲ್ಲೇ ತಿರುಗಿಸುವುದು ಇನ್ನೂ ಕ್ಷೇಮ. ತೆಳುವಾದ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಸಿರಿಂಜಿನಲ್ಲಿ ಕೆಳಗಿನ ತೂತಿನಿಂದ ಒತ್ತುತ್ತ ಹೋಗಿ. ಒಳಗಿನ ಗಾಳಿ ಮೇಲಿನ ತೂತಿನಿಂದ ಹೊರಬರುತ್ತದೆ, ಅದರ ಹಿಂದೆಯೇ ಅಂಟೂ ಬರುತ್ತದೆ. ಆಗ ಎರಡಕ್ಕೂ ಟೇಪ್ ಅಂಟಿಸಿ, ಸೀಟು ಬಳೆಗಳ ಸಾಲಿಗೆ ನೇರ ಇದೆಯೇ ಎಂದು ನೋಡಿ, ಕೋಲನ್ನು ಒಂದು ರಾತ್ರಿ ಮುಟ್ಟದೆ ಬಿಡಿ. ಮಾರನೆಯ ದಿನ ರೀಲ್ ಹಾಕಿ ತಿರುಚಿದಾಗಲೂ ಸದ್ದು ಬಂದರೆ ಒಳಗಿರುವುದು ಉದ್ದಕ್ಕೂ ಸುತ್ತಿದ ಕಾಗದ. ಆಗ ಸೀಟನ್ನು ಉದ್ದಕ್ಕೆ ಎರಡು ಕಡೆ ಗರಗಸದಿಂದ ಗೀರಿ, ಬ್ಲ್ಯಾಂಕಿಗೆ ತಾಗದಂತೆ ಸೀಳಿ ತೆಗೆದು, ಹೊಸದನ್ನು ಕೂರಿಸುವುದೇ ಸರಿ.